ಅರಸನ ಆಟ, ಅಜ್ಜಿಯ ಆಟ



ಆಟವೆಂಬುದು ಚರಿತ್ರೆಯ ವಿಷಯವಾದೀತೇ ಎಂದು ಕೆಲವರು ಸಂದೇಹಪಡಬಹುದು. ಯುದ್ಧ, ಸಂಧಿ, ದಾನ, ದೇವಾಲಯ ಇವುಗಳಿಗೆ ಚರಿತ್ರೆಯಲ್ಲಿ ಸ್ಥಾನವುಂಟು. ಮಕ್ಕಳೂ ಮುದುಕರೂ ಬಯಲಿನಲ್ಲಿ ಕೂಡಿ ಆಡಿದ ಆಟಕ್ಕಾಗಿ ಶಾಸನ ಬರೆಯಿಸಿದವರಾರು? ಆದರೂ ಕನ್ನಡ ನಾಡಿನ ಅರಸನೊಬ್ಬನು ರಾಜ್ಯಭಾರವನ್ನೂ ಆಟವನ್ನೂ ಒಂದೇ ಗ್ರಂಥದಲ್ಲಿ ಸೇರಿಸಿ ಬರೆದಿರುವನು. ಆ ಗ್ರಂಥದಿಂದ ಹೊರಟು, ಯಾವ ಅರಸನೂ ಬರೆದಿಡದ ಆಟಗಳವರೆಗೆ ನಡೆದುಬರುವುದು ಈ ಹೊತ್ತಿನ ನಮ್ಮ ಉದ್ದೇಶ.

ಆ ಅರಸನು ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗ. 1126ರ ಸುಮಾರಿಗೆ ಪಟ್ಟವೇರಿ 1138ರವರೆಗೆ ಆಳಿದನು. ಅವನ ರಾಜಧಾನಿಯೇ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನು ಸಂಸ್ಕೃತದಲ್ಲಿ ರಚಿಸಿದ ಗ್ರಂಥಕ್ಕೆ ‘ಮಾನಸೋಲ್ಲಾಸ’ವೆಂದು ಹೆಸರು, ‘ಅಭಿಲಷಿತಾರ್ಥ ಚಿಂತಾಮಣಿ’ ಎಂದೂ ಕರೆಯುವರು. ಅದರಲ್ಲಿ ಐದು ವಿಂಶತಿಗಳು, ಒಂದೊಂದು ವಿಂಶತಿಗೆ 20 ಅಧ್ಯಾಯಗಳು, ಒಟ್ಟು 100. ರಾಜ್ಯವನ್ನು ಪಡೆಯುವ ಬಗೆ, ಪಡೆದುದನ್ನು ಸ್ಥಿರಪಡಿಸುವ ಬಗೆ, ಉಪಭೋಗಗಳು, ವಿನೋದಗಳು ಎಂದು ನಾಲ್ಕು ವಿಂಶತಿಗಳು ಮುಗಿದ ಬಳಿಕ, ಐದನೆಯದು ಕ್ರೀಡಾವಿಂಶತಿ.

ಈ ವಿಂಶತಿಯ ಪಟ್ಟಿಯನ್ನು ಓದುವಾಗ ನಮಗೆ ಮೊದಲು ಕಾಣುವುದು ಅರಮನೆಯಲ್ಲ, ಹೊರಗಿನ ಬಯಲು. ಭೂಧರಕ್ರೀಡೆಯೆಂದರೆ ಬೆಟ್ಟದ ಮೇಲಣ ಆಟ. ವನಕ್ರೀಡೆಯೆಂದರೆ ತೋಪಿನ ಆಟ. ಆಂದೋಲನಕ್ರೀಡೆ ಉಯ್ಯಾಲೆಯದು, ಸೇಚನಕ್ರೀಡೆ ನೀರೆರಚುವುದು, ಸಲಿಲಕ್ರೀಡೆ ನೀರಿಗಿಳಿದು ಆಡುವುದು. ಎಳೆಯ ಹುಲ್ಲಿನ ಮೇಲೆ ಶಾದ್ವಲಕ್ರೀಡೆ, ಮರಳಿನಲ್ಲಿ ವಾಲುಕಾಕ್ರೀಡೆ, ಬೆಳದಿಂಗಳಿನಲ್ಲಿ ಜ್ಯೋತ್ಸ್ನಾಕ್ರೀಡೆ, ಬೆಳೆದು ನಿಂತ ಪೈರಿನ ನಡುವೆ ಸಸ್ಯಕ್ರೀಡೆ. 20 ಕ್ರೀಡೆಗಳಲ್ಲಿ ಈ ಒಂಬತ್ತಕ್ಕೂ ನೆಲ, ನೀರು, ಗಿಡ, ಬೆಳಕುಗಳೇ ಸಾಮಗ್ರಿ. ಪೈರಿಲ್ಲದೆ ಸಸ್ಯಕ್ರೀಡೆಯಿಲ್ಲ, ಚಂದ್ರನಿಲ್ಲದೆ ಜ್ಯೋತ್ಸ್ನಾಕ್ರೀಡೆಯಿಲ್ಲ. ಚಕ್ರವರ್ತಿಯಾದರೂ ಋತುವಿಗೆ ಕಾಯಬೇಕು.

ಆದರೆ ಈ ಆಟಗಳನ್ನು ಆಡುವವರು ಅರಸನೂ ಅವನ ಅಂತಃಪುರದವರೂ ಪರಿವಾರದವರೂ. ಗ್ರಂಥವು ಹೇಳುವುದು ರಾಜನ ಸುಖವನ್ನು. ಅಲ್ಲಿ ಅಜ್ಜಿಯಿಲ್ಲ, ಮೊಮ್ಮಗುವಿಲ್ಲ. ಅವರನ್ನು ಕಾಣಬೇಕಾದರೆ ತಾಳೆಯೋಲೆಯನ್ನು ಬಿಟ್ಟು ಅದೇ ನಾಡಿನ ಹಳ್ಳಿಗಳಿಗೆ ಬರಬೇಕು.

ಶ್ರಾವಣದ ಪಂಚಮಿಯಲ್ಲಿ ಉತ್ತರ ಕರ್ನಾಟಕದ ಊರುಗಳಲ್ಲಿ ಮರಗಳಿಗೆ ಜೋಕಾಲಿ ಕಟ್ಟುವರು. ತವರಿಗೆ ಬಂದ ಹೆಣ್ಣುಮಕ್ಕಳು ಜೀಕುವರು. ಮುದುಕಿಯರೂ ಒಮ್ಮೆ ಕುಳಿತು ಇಳಿಯುವರು. ಯಾವ ಕೊಂಬೆ ಭಾರ ತಾಳೀತು, ಯಾವುದು ಒಳಗೆ ಹುಳು ತಿಂದುದು ಎಂಬುದನ್ನು ಹಿರಿಯರು ನೋಡಿ ಹೇಳಬೇಕು. ಚಳಿಗಾಲಕ್ಕೆ ಜೋಳದ ತೆನೆಯಲ್ಲಿ ಹಾಲು ತುಂಬುವಾಗ ಹೊಲದಲ್ಲಿ ಮಂಚಿಕೆ ಹಾಕಿ ಹಕ್ಕಿ ಕಾಯುವುದುಂಟು. ಕವಣೆ ಬೀಸುವ ಹದವನ್ನು ಹುಡುಗನು ಮಂಚಿಕೆಯ ಮೇಲೆ ತಾತನಿಂದ ಕಲಿಯುವನು; ಕೆಲಸವಾವುದು, ಆಟವಾವುದು ಎಂದು ಅಲ್ಲಿ ಬೇರ್ಪಡಿಸಲಾಗದು. ಕೆಳಗಿಳಿದ ಮೇಲೆ ಕೆಂಡದಲ್ಲಿ ಸುಟ್ಟ ಎಳೆಯ ತೆನೆಯ ಸೀತನಿಯನ್ನು ಇಬ್ಬರೂ ತಿನ್ನುವರು. ಸಸ್ಯಕ್ರೀಡೆಯೆಂಬ ಹೆಸರನ್ನು ಆ ತಾತನು ಕೇಳಿರಲಾರನು.

ಇನ್ನು ಬೆಳದಿಂಗಳ ಕಣ್ಣಾಮುಚ್ಚಾಲೆಯನ್ನು ನೋಡೋಣ. ಜಗಲಿಯ ಮೇಲೋ ಅಂಗಳದಲ್ಲೋ ಒಬ್ಬರು ಕುಳಿತು ಕಳ್ಳನಾದವನ ಕಣ್ಣು ಮುಚ್ಚುವರು. ಉಳಿದವರು ಮರದ ಮರೆಗೆ, ಹುಲ್ಲಿನ ಮೆದೆಯ ಹಿಂದಕ್ಕೆ ಓಡುವರು. ಕಳ್ಳನ ಕೈಗೆ ಸಿಕ್ಕದಂತೆ ಬಂದು, ಕುಳಿತವರನ್ನು ಮುಟ್ಟಿದವನು ಗೆದ್ದನು. ಹಾಗೆ ಕುಳಿತವರನ್ನು ಅನೇಕ ಕಡೆ ‘ಅಜ್ಜಿ’ಯೆಂದೇ ಕರೆಯುವರು. ಮಹಾಶಯರೇ, ಈ ನಿಯಮವನ್ನು ಸ್ವಲ್ಪ ಆಲೋಚಿಸಬೇಕು. ಓಡಲಾರದವರಿಗೆ ಇಲ್ಲಿ ದಯೆಯಿಂದ ಒಂದು ಮೂಲೆಯನ್ನು ಬಿಟ್ಟುಕೊಟ್ಟಿಲ್ಲ. ಆಟದ ನಡುಗಂಬವನ್ನೇ ಅವರಿಗೆ ವಹಿಸಿದೆ. ಎಲ್ಲರೂ ಓಡುವುದು ಅವರಿಂದ. ಎಲ್ಲರೂ ಮರಳುವುದು ಅವರ ಬಳಿಗೆ.

ನಮ್ಮ ಅನುಭವವನ್ನೇ ಹೇಳುವುದಾದರೆ, ನಾವು ಕಾಲೇಜಿನ ಪುಸ್ತಕಶಾಲೆಯಲ್ಲಿ ಶಾದ್ವಲವೆಂಬ ಶಬ್ದಕ್ಕೆ ಕೋಶದಲ್ಲಿ ಅರ್ಥ ಹುಡುಕಿದವರು. ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಮಗಳು ಕೆರೆಯ ಏರಿಯ ಮೇಲೆ ಒಂದು ಹುಲ್ಲನ್ನು ಕಿತ್ತು ತಂದು, ಇದಾವುದೆಂದು ಕೇಳಿದಳು. ನಮಗೆ ತಿಳಿಯಲಿಲ್ಲ. “ನಿಮ್ಮಪ್ಪನಿಗೇನು ಗೊತ್ತು, ಇಲ್ಲಿ ಬಾರೇ” ಎಂದು ನಮ್ಮ ತಾಯಿಯವರು ಅವಳನ್ನು ಕರೆದೊಯ್ದು, ಒಂದೇ ಹೊತ್ತಿನಲ್ಲಿ ಏಳು ಬಗೆಯ ಹುಲ್ಲನ್ನು ತೋರಿಸಿ, ನಾಳೆ ಇವನ್ನು ನೀನೇ ಹುಡುಕಿ ತರಬೇಕೆಂದು ಪಂದ್ಯ ಕಟ್ಟಿದರು. ಮಾರನೆಯ ದಿನ ಮಗು ಐದನ್ನು ತಂದಿತು. ನಾವು ಮೂರನ್ನು ತಂದು ಸೋತೆವು. ಆ ಮೂರನ್ನಾದರೂ ನಾವು ಬಾಲ್ಯದಲ್ಲಿ ಕಲಿಯಬಹುದಾಗಿತ್ತು. ಕಲಿಸುವವರು ಮನೆಯಲ್ಲಿಯೇ ಇದ್ದರು. ನಾವು ಪರೀಕ್ಷೆಗೆ ಓದುತ್ತಿದ್ದೆವು.

ಇದರಿಂದ ನಮಗೆ ತೋರುವುದಿಷ್ಟು. ಸೋಮೇಶ್ವರನ ಆಟಗಳು ಗ್ರಂಥದಲ್ಲಿದ್ದುದರಿಂದ ಎಂಟು ಶತಮಾನಗಳನ್ನು ದಾಟಿ ಅಚ್ಚಿಗೆ ಬಂದವು. ನಡುವೆ ಎಷ್ಟು ತಲೆಮಾರುಗಳು ಅವನ್ನು ಮರೆತಿದ್ದರೂ ಗ್ರಂಥಕ್ಕೆ ಕುಂದಿಲ್ಲ. ಅಜ್ಜಿಯ ಆಟಕ್ಕೆ ಆ ಭಾಗ್ಯವಿಲ್ಲ. ಅದು ಇರುವುದು ಹಳೆಯ ಕೈಯಿಂದ ಎಳೆಯ ಕೈಗೆ ದಾಟುವಾಗ ಮಾತ್ರ. ಒಂದು ತಲೆಮಾರಿನಲ್ಲಿ ಹಿರಿಯರು ಒಳಗೂ ಮಕ್ಕಳು ಬೇರೊಂದೆಡೆಯೂ ಉಳಿದರೆ, ಕೊಂಬೆಯ ಪರೀಕ್ಷೆ, ಕವಣೆಯ ಹದ, ಹುಲ್ಲಿನ ಹೆಸರು ಇವೆಲ್ಲವೂ ಹೋಗುವುವು. ಬಳಿಕ ಯಾವ ಸಂಶೋಧಕನೂ ಅಗೆದು ತೆಗೆಯಲಾರನು. ನಾವು ಬರೆದಿಟ್ಟರೂ ಹೆಸರು ಉಳಿದೀತು, ಹದ ಉಳಿಯಲಾರದು.

ಆದುದರಿಂದ ನಮ್ಮ ಬಿನ್ನಹವು ದೊಡ್ಡದಲ್ಲ. ಬರುವ ಹುಣ್ಣಿಮೆಯ ರಾತ್ರಿ ಮನೆಯ ಹಿರಿಯರೊಬ್ಬರು ಅಂಗಳಕ್ಕೆ ಬಂದು ಕುಳಿತುಕೊಳ್ಳಲಿ. ಮಕ್ಕಳಲ್ಲೊಬ್ಬನ ಕಣ್ಣು ಮುಚ್ಚಲಿ. ಉಳಿದವರು ಎತ್ತ ಓಡಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.