ಮಾಡಿಸಿದವರು ಮತ್ತು ಮಾಡಿದವರು: ಏಕಶಿಲಾ ಗೊಮ್ಮಟ ಪರಂಪರೆಯಲ್ಲಿ ಶಿಲ್ಪಿ

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಬಾಹುಬಲಿಯ ಪಾದಗಳ ಇಕ್ಕೆಲದಲ್ಲಿ ಕನ್ನಡ, ತಮಿಳು, ಮರಾಠಿ ಭಾಷೆಗಳ ಕಿರುಶಾಸನಗಳಿವೆ. ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನು, ಸುತ್ತಾಲಯವನ್ನು ಗಂಗರಾಜನು ಮಾಡಿಸಿದನು ಎಂಬುದು ಅವುಗಳ ಸಾರ. ಕಾರ್ಕಳದಲ್ಲಿ 1432ರಲ್ಲಿ ಲಲಿತಕೀರ್ತಿ ಮುನಿಗಳ ಉಪದೇಶದಂತೆ ವೀರಪಾಂಡ್ಯನು, ವೇಣೂರಿನಲ್ಲಿ 1604ರಲ್ಲಿ ಚಾರುಕೀರ್ತಿ ಗುರುಗಳ ಉಪದೇಶದಂತೆ ತಿಮ್ಮರಾಜನು ಮೂರ್ತಿಯನ್ನು ನಿಲ್ಲಿಸಿದರೆಂದು ಅಲ್ಲಲ್ಲಿನ ಶಾಸನಗಳು ಹೇಳುತ್ತವೆ. ಮೂರು ಕಡೆಯೂ ಅರಸ ಅಥವಾ ಅಮಾತ್ಯನಿದ್ದಾನೆ, ಉಳಿ ಹಿಡಿದವನಿಲ್ಲ. ಕನ್ನಡ ವ್ಯಾಕರಣದ ಒಂದು ಪ್ರೇರಣಾರ್ಥಕ ಪ್ರತ್ಯಯ ‘ಮಾಡಿದವ’ನನ್ನು ಮರೆಮಾಡಿ ‘ಮಾಡಿಸಿದವ’ನನ್ನು ಮುಂದಿಟ್ಟಿದೆ.

ಹೆಸರು ಕೆತ್ತುವ ರೂಢಿ ಕನ್ನಡ ನಾಡಿನ ಶಿಲ್ಪಿಗಳಲ್ಲಿ ಇರಲಿಲ್ಲವೆನ್ನುವಂತಿಲ್ಲ. ಹೊಯ್ಸಳ ದೇವಾಲಯಗಳ ಪೀಠಗಳಲ್ಲಿ ರೂವಾರಿ ಮಲ್ಲಿತಮ್ಮನ ಅಂಕಿತ ಮತ್ತೆ ಮತ್ತೆ ಸಿಗುತ್ತದೆ. ಬಳ್ಳಿಗಾವೆಯ ದಾಸೋಜ ತನ್ನ ಊರನ್ನೂ ಬಿರುದನ್ನೂ ಕಂಡರಿಸಿದ್ದಾನೆ. ಹೀಗಿರುವಾಗ ಮಹಾಪ್ರತಿಮೆಗಳ ಮೌನವನ್ನು ಕಾಲಧರ್ಮವೆಂದು ಬಿಟ್ಟುಬಿಡುವುದು ಸರಿಯಲ್ಲ.

ಶಾಸನ ಬಿಟ್ಟುದನ್ನು ತುಳುನಾಡಿನ ಪಾಡ್ದನ ಹಿಡಿದಿಟ್ಟಿದೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಬೀರು ಕಲ್ಕುಡನು ಇಂಥದೇ ಕೆಲಸವನ್ನು ಬೇರೆಡೆ ಮಾಡಬಾರದೆಂದು ಭೈರವರಸನು ಅವನ ಒಂದು ಕೈ, ಒಂದು ಕಾಲನ್ನು ಕಡಿಸುತ್ತಾನೆ. ಕಲ್ಕುಡನು ಉಳಿದ ಕೈಕಾಲುಗಳಲ್ಲೇ ವೇಣೂರಿನ ಗೊಮ್ಮಟನನ್ನು ಕಡೆಯುತ್ತಾನೆ. ತಂಗಿ ಕಲ್ಲುರ್ಟಿಯೊಡನೆ ದೈವವಾಗಿ ಅರಸನನ್ನು ಕಾಡುತ್ತಾನೆ. ಪಾಠಭೇದಗಳು ಹಲವಿದ್ದರೂ ಕಥೆಯ ತಿರುಳು ಇಷ್ಟು. ಎರಡು ಮೂರ್ತಿಗಳ ನಡುವೆ 172 ವರ್ಷಗಳ ಅಂತರವಿರುವುದರಿಂದ ಇದು ಒಬ್ಬ ವ್ಯಕ್ತಿಯ ಚರಿತ್ರೆಯಾಗಲಾರದು. ಆದರೆ ಕಾಲಗಣನೆ ತಪ್ಪಿದ ಮಾತ್ರಕ್ಕೆ ಪಾಡ್ದನವನ್ನು ಕಟ್ಟುಕಥೆಯೆಂದು ತಳ್ಳುವ ಸಂಶೋಧಕರು ಅದು ನೆನಪಿಟ್ಟ ಸಂಗತಿಯನ್ನು ಗಮನಿಸುವುದಿಲ್ಲ. ಕಲ್ಲಿನ ವಿದ್ಯೆ ಇದ್ದುದು ಶಿಲ್ಪಿಯ ಕೈಯಲ್ಲಿ. ಅದು ಅರಸನ ಆಸ್ತಿಯಲ್ಲ. ಕಲ್ಕುಡ-ಕಲ್ಲುರ್ಟಿಯರಿಗೆ ಇಂದಿಗೂ ಕೋಲ-ನೇಮಗಳು ನಡೆಯುತ್ತವೆ.

ಆ ವಿದ್ಯೆಯ ಸ್ವರೂಪ ತಿಳಿಯಬೇಕಾದರೆ ಕಲ್ಲನ್ನೇ ನೋಡಬೇಕು. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು; ಸೂಕ್ಷ್ಮ ಕುಸುರಿಗೆ ಒಗ್ಗುತ್ತದೆ. ಕಣಶಿಲೆ ಹಾಗಲ್ಲ. ಅದು ಉಳಿಯ ಮೊನೆಯನ್ನು ಬೇಗ ಮೊಂಡಾಗಿಸುತ್ತದೆ. ಕುಲುಮೆ ಬಳಿಯಲ್ಲೇ ಉರಿಯುತ್ತಿರಬೇಕು. ತಪ್ಪಿ ಎದ್ದ ಚಕ್ಕೆಯನ್ನು ಮತ್ತೆ ಕೂಡಿಸಲಾಗದು. ಹೀಗಾಗಿ ಕಣಶಿಲೆಯ ಶಿಲ್ಪಿ ಅಲಂಕಾರವನ್ನು ತೊರೆದು ವಿಶಾಲವಾದ ಮೈಮಟ್ಟಗಳ ಕಡೆಗೆ ಹೋಗುತ್ತಾನೆ. ದಿಗಂಬರ ಮುನಿಯ ನಿರಾಭರಣ ದೇಹಕ್ಕೂ ಈ ಕಲ್ಲಿಗೂ ಇರುವ ಹೊಂದಾಣಿಕೆ ಆಕಸ್ಮಿಕವಲ್ಲ.

ಹುತ್ತ ಮತ್ತು ಮಾಧವೀಲತೆಗಳನ್ನೂ ಹೀಗೆ ನೋಡಬಹುದು. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿ ಅವು ಬಾಹುಬಲಿಯ ಅಚಲ ತಪಸ್ಸಿನ ಕುರುಹುಗಳು. ಶಿಲ್ಪಿಗೆ ಅವು ಆಧಾರವೂ ಹೌದು. ನಿಂತ ಏಕಶಿಲೆಯಲ್ಲಿ ಅತ್ಯಂತ ಅಪಾಯದ ಸ್ಥಳ ಕಣಕಾಲು. ಇಡೀ ಭಾರ ಅಲ್ಲಿಗೆ ಇಳಿಯುತ್ತದೆ. ಬೆಳಗೊಳದಲ್ಲಿ ಕಾಲುಗಳ ಪಕ್ಕಕ್ಕೆ ಹುತ್ತದ ರೂಪದಲ್ಲಿ ಕಲ್ಲನ್ನು ಉಳಿಸಿಕೊಂಡದ್ದರಿಂದಲೇ ತೊಡೆಯಿಂದ ಮೇಲಿನ ದೇಹ ಯಾವ ಆಸರೆಯೂ ಇಲ್ಲದೆ ಆಕಾಶಕ್ಕೆ ಎದುರಾಗಿ ನಿಂತಿದೆ. ಪುರಾಣದ ವಿವರ ಇಲ್ಲಿ ಭಾರದ ಲೆಕ್ಕಾಚಾರವೂ ಆಗಿದೆ.

ಈ ಲೆಕ್ಕಾಚಾರವನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕೈಗೆತ್ತಿಕೊಂಡವರು ಕಾರ್ಕಳದ ರೆಂಜಾಳ ಗೋಪಾಲಕೃಷ್ಣ ಶೆಣೈ. ಧರ್ಮಸ್ಥಳದಲ್ಲಿ ಬಾಹುಬಲಿಯನ್ನು ನಿಲ್ಲಿಸುವ ಸಂಕಲ್ಪ ರತ್ನವರ್ಮ ಹೆಗ್ಗಡೆಯವರದು. 1968ರಲ್ಲಿ ಅವರು ತೀರಿಕೊಂಡ ಮೇಲೆ ವೀರೇಂದ್ರ ಹೆಗ್ಗಡೆಯವರು ಅದನ್ನು ಮುಂದುವರಿಸಿದರು. ಕೆಲಸ ಆರಂಭವಾದಾಗ ಶೆಣೈಯವರು ಎಪ್ಪತ್ತು ದಾಟಿದ್ದರು. ಹುಟ್ಟಿನಿಂದ ಜೈನರೂ ಅಲ್ಲ. 39 ಅಡಿಯ, ಸುಮಾರು 175 ಟನ್ ತೂಕದ ಮೂರ್ತಿ ಕಾರ್ಕಳದಲ್ಲೇ ಸಿದ್ಧವಾಗಿ 1973ರಲ್ಲಿ ಅನೇಕ ಗಾಲಿಗಳ ಟ್ರಾಲಿಯ ಮೇಲೆ ಧರ್ಮಸ್ಥಳ ತಲುಪಿತು. ರತ್ನಗಿರಿಯ ಮೇಲೆ ನಿಂತು 1982ರಲ್ಲಿ ಪ್ರತಿಷ್ಠೆಗೊಂಡಿತು. ಕಾರ್ಕಳದ ಮೂರ್ತಿಯನ್ನು ಬಂಡಿಯ ಮೇಲಿರಿಸಿ ಬೆಟ್ಟಕ್ಕೆ ಸಾಗಿಸಿದ ಸಾಹಸವನ್ನು ಚಂದ್ರಮ ಕವಿ ಹದಿನೇಳನೆಯ ಶತಮಾನದಲ್ಲಿ ಸಾಂಗತ್ಯದಲ್ಲಿ ಬಣ್ಣಿಸಿದ್ದನು. ಕಾವ್ಯದಲ್ಲಿ ಓದಿದ್ದನ್ನು ಕರಾವಳಿಯ ಜನ ಈ ಸಲ ಹೆದ್ದಾರಿಯ ಬದಿಯಲ್ಲಿ ನಿಂತು ಕಂಡರು.

ಶೆಣೈಯವರ ಮೂರ್ತಿಯನ್ನು ಹಳೆಯ ಗೊಮ್ಮಟಗಳ ನಕಲೆಂದು ಕರೆಯುವುದು ಸುಲಭ. ಕಾಯೋತ್ಸರ್ಗ ಭಂಗಿ, ಮೊಣಕಾಲು ಮುಟ್ಟುವ ನೀಳ ತೋಳು, ಲತೆ ಎಲ್ಲವೂ ಲಕ್ಷಣಶಾಸ್ತ್ರ ವಿಧಿಸಿದವು. ಆದರೆ ನಿಂತ ಬಂಡೆಯನ್ನು ನೆತ್ತಿಯಿಂದ ಕೆಳಕ್ಕೆ ಬಿಡಿಸುತ್ತ ಬಂದ ಬೆಳಗೊಳದ ಶಿಲ್ಪಿಗೂ, ಕೆತ್ತಿ ಸಾಗಿಸಬೇಕಾದ ಕಾರ್ಕಳದ ಶಿಲ್ಪಿಗೂ ಎದುರಾದ ಪ್ರಶ್ನೆಗಳು ಬೇರೆ ಬೇರೆ. ಸಾಗಿಸುವ ಶಿಲೆ ಪ್ರಯಾಣದಲ್ಲಿ ಮಲಗಿರುತ್ತದೆ. ಅಡ್ಡಲಾದ ದೇಹವನ್ನು ಎತ್ತಿ ನಿಲ್ಲಿಸಿ, ನೋಡುಗ ಪಾದದ ಬಳಿಯಿಂದ ತಲೆಯೆತ್ತಿದಾಗ ಮುಖವೂ ಭುಜವೂ ಹೇಗೆ ಕಂಡಾವು ಎಂಬುದನ್ನು ಮೊದಲೇ ಊಹಿಸಬೇಕು. ಯಾವ ಲಕ್ಷಣಗ್ರಂಥವೂ ಈ ಊಹೆಯನ್ನು ಕಲಿಸದು.

ಕರ್ನಾಟಕದ ಆಧುನಿಕ ಕಲೆಯ ಚರಿತ್ರೆ ಬರೆಯುವವರು ವೆಂಕಟಪ್ಪ, ಹೆಬ್ಬಾರರಿಂದ ತೊಡಗುತ್ತಾರೆ, ಅದು ನ್ಯಾಯವೇ. ಆದರೆ ಹೆಬ್ಬಾರರೂ ಶೆಣೈಯವರೂ ಒಂದೇ ಕರಾವಳಿಯ ಮಣ್ಣಿನವರು, ಒಂದೇ ಕಾಲದವರು. ಕ್ಯಾನ್ವಾಸಿನ ಮೇಲೆ ಪರಂಪರೆಯನ್ನು ಶೋಧಿಸಿದರೆ ಕಲಾವಿದ, ಕಲ್ಲಿನಲ್ಲಿ ಶೋಧಿಸಿದರೆ ಕುಶಲಕರ್ಮಿ ಎಂಬ ವಿಂಗಡಣೆಗೆ ಯಾವ ಆಧಾರವಿದೆ? ಶಾಸನದ ‘ಮಾಡಿಸಿದ’ ಪದ ಮಾಡಿದ ಕೆಲಸವನ್ನೇ ಇಲ್ಲಿ ವಿಮರ್ಶಕರ ಮೌನ ಮಾಡುತ್ತಿದೆ.

ಈಚಿನ ಮಹಾಪ್ರತಿಮೆಗಳ ಚರ್ಚೆಯಂತೂ ಅಳತೆಗೆ ನಿಂತಿದೆ. ಕುಂಭೋಜದಲ್ಲಿ 1963ರಲ್ಲಿ ನಿಂತ 28 ಅಡಿಯ ಬಾಹುಬಲಿ ಅಮೃತಶಿಲೆಯದು. ಆ ಬಿಳುಪು ಬೆಳಕನ್ನು ಮರಳಿ ಎಸೆಯುವುದರಿಂದ ಮುಖದ ನೆರಳುಗಳು ತೆಳುವಾಗಿ ತಪಸ್ವಿಯ ಗಾಂಭೀರ್ಯ ಸೌಮ್ಯತೆಗೆ ತಿರುಗುತ್ತದೆ. ಇದನ್ನು ಚರ್ಚಿಸಿದವರು ವಿರಳ. ಮಾಂಗಿ-ತುಂಗಿಯ ಬೆಟ್ಟದಲ್ಲಿ ಯಂತ್ರಗಳ ನೆರವಿನಿಂದ ಕೊರೆದು 2016ರಲ್ಲಿ ಪ್ರತಿಷ್ಠಾಪಿಸಿದ ಋಷಭನಾಥರ ಪ್ರತಿಮೆಯ ಬಗ್ಗೆ ಎಲ್ಲರಿಗೂ ತಿಳಿದಿರುವುದು 108 ಅಡಿ ಎಂಬ ಸಂಖ್ಯೆ ಮಾತ್ರ. ಹನ್ನೆರಡನೆಯ ಶತಮಾನದ ಬೊಪ್ಪಣ ಪಂಡಿತನು ಬೆಳಗೊಳದ ಶಾಸನಕಾವ್ಯದಲ್ಲಿ ಔನ್ನತ್ಯದ ಜೊತೆಗೆ ಸೌಂದರ್ಯವನ್ನೂ ಅತಿಶಯವನ್ನೂ ಒರೆಗಲ್ಲಾಗಿಸಿ, ಎತ್ತರವಿದ್ದಲ್ಲಿ ಚೆಲುವು ಕೂಡಿಬರುವುದು ದುರ್ಲಭವೆಂದು ಸೂಚಿಸಿದ್ದನು.

ಧರ್ಮಸ್ಥಳದಲ್ಲಿ 1982, 1995, 2007, 2019ರಲ್ಲಿ ಮಹಾಮಸ್ತಕಾಭಿಷೇಕಗಳು ನಡೆದಿವೆ. ಅಭಿಷೇಕದ ಹಾಲು ಹಣೆಯಿಂದ ಇಳಿದು ಎದೆಯ ಮಟ್ಟಸವಾದ ಕಲ್ಲಿನ ಮೇಲೆ ಹರಡಿ, ತೋಳಿನ ಬಳ್ಳಿಯ ಅಂಚಿನಲ್ಲಿ ಕವಲೊಡೆದು ಕೆಳಗೆ ಸಾಗುತ್ತದೆ. ಆ ಧಾರೆಯ ದಾರಿಯನ್ನು ಗೊತ್ತುಮಾಡಿದ್ದು ಕಾರ್ಕಳದಲ್ಲಿ ಶೆಣೈಯವರೂ ಅವರ ಜೊತೆ ಉಳಿ ಹಿಡಿದವರೂ.