ಒಂದೇ ಯಂತ್ರ, ಎರಡು ದಾರಿ



ನಿಮ್ಮ ಕಾಲೇಜಿನ ಪ್ರಯೋಗಾಲಯದ ಒಂದು ಕಂಪ್ಯೂಟರನ್ನು ಗಮನಿಸಿ. ಅದರ ಹಿಂಬದಿಗೆ ಕೇಬಲ್ ಸಿಕ್ಕಿಸಿದೆ. ಅದೇ ಹೊತ್ತಿನಲ್ಲಿ ಅದು ವೈಫೈ ಮೂಲಕವೂ ಜಾಲವನ್ನು ಸೇರಿದೆ. ಸಂಪರ್ಕ ಎರಡಾದ ಮೇಲೆ ವೇಗವೂ ಇಮ್ಮಡಿಯಾಗಬೇಕಲ್ಲವೆ? ಸಾಮಾನ್ಯವಾಗಿ ಹಾಗಾಗುವುದಿಲ್ಲ. ಕೇಬಲನ್ನು ಕಿತ್ತರೆ, ವೈಫೈ ಸರಿಯಾಗಿಯೇ ಇದ್ದರೂ, ಅರ್ಧ ಇಳಿದಿದ್ದ ಕಡತ ಅಲ್ಲಿಗೇ ನಿಂತುಬಿಡುವುದುಂಟು. ಇದಕ್ಕೆ ಕಾರಣ ಹುಡುಕಲು ನಾವು ಐವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕು.

ತಂತಿಯ ಜಾಲ ಹಳೆಯದು, ನಿಸ್ತಂತು ಜಾಲ ತೀರ ಹೊಸದು ಎಂಬ ಭಾವನೆ ನಮ್ಮಲ್ಲಿದೆ. ವಾಸ್ತವವಾಗಿ ಇವೆರಡೂ ಒಂದೇ ಮನೆಯಲ್ಲಿ ಬೆಳೆದ ಮಕ್ಕಳು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ಅಲೋಹಾನೆಟ್ ಎಂಬ ಜಾಲವನ್ನು ಆರಂಭಿಸಿದರು. ದ್ವೀಪ ದ್ವೀಪಗಳ ನಡುವೆ ಸಮುದ್ರವಿದ್ದುದರಿಂದ ಅವರು ರೇಡಿಯೊ ಅಲೆಗಳನ್ನು ಆರಿಸಿಕೊಂಡರು. ಎಲ್ಲ ಕೇಂದ್ರಗಳೂ ಒಂದೇ ತರಂಗಾಂತರದಲ್ಲಿ ಮಾಹಿತಿ ಕಳುಹಿಸುತ್ತಿದ್ದವು. ಎರಡು ಸಂದೇಶಗಳು ಒಮ್ಮೆಲೇ ಹೊರಟು ಡಿಕ್ಕಿ ಹೊಡೆದರೆ, ಕಳುಹಿಸಿದವರು ತಮಗೆ ತೋಚಿದಷ್ಟು ಹೊತ್ತು ಕಾದು ಮತ್ತೆ ಕಳುಹಿಸಬೇಕು. ನಿಯಮ ಇಷ್ಟೇ.

ಈ ನಿಯಮವನ್ನು ಅಭ್ಯಾಸ ಮಾಡಿ ತಿದ್ದಿದವರು ಅಮೆರಿಕದ ಜೆರಾಕ್ಸ್ ಸಂಸ್ಥೆಯಲ್ಲಿದ್ದ ರಾಬರ್ಟ್ ಮೆಟ್‌ಕಾಫ್. 1973ರ ಮೇ 22ರಂದು ಬರೆದ ಟಿಪ್ಪಣಿಯಲ್ಲಿ ಅವರು ತಮ್ಮ ಜಾಲಕ್ಕೆ ಈಥರ್‌ನೆಟ್ ಎಂಬ ಹೆಸರನ್ನು ಸೂಚಿಸಿದರು. ಬೆಳಕು ಸಂಚರಿಸಲು ಜಗತ್ತನ್ನೆಲ್ಲ ತುಂಬಿರುವ ಈಥರ್ ಎಂಬ ಮಾಧ್ಯಮ ಬೇಕೆಂದು 19ನೆಯ ಶತಮಾನದ ವಿಜ್ಞಾನಿಗಳು ನಂಬಿದ್ದರು. ಆ ಹೆಸರೇ ಇಲ್ಲಿಗೂ ಬಂತು. ಮಾಧ್ಯಮ ಕೇಬಲ್ ಆಗಬಹುದು, ದೂರವಾಣಿ ತಂತಿಯಾಗಬಹುದು, ರೇಡಿಯೊ ಕೂಡ ಆಗಬಹುದು ಎಂಬುದು ಆ ಟಿಪ್ಪಣಿಯಲ್ಲೇ ಇತ್ತು. ಇಂದು ನಾವು ಕಂಪ್ಯೂಟರಿಗೆ ಸಿಕ್ಕಿಸುವ ಕೇಬಲ್ ಹೀಗೆ ನಿಸ್ತಂತು ಜಾಲದಿಂದ ಪಾಠ ಕಲಿತು ಬಂದದ್ದು.

ಅದೇ ವರ್ಷಗಳಲ್ಲಿ ಇನ್ನೊಂದು ತೊಡಕು ಎದ್ದಿತ್ತು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯ ಆಶ್ರಯದಲ್ಲಿ ಮೂರು ಬಗೆಯ ಜಾಲಗಳು ಬೆಳೆಯುತ್ತಿದ್ದವು. 1969ರಲ್ಲಿ ಶುರುವಾದ ಅರ್ಪಾನೆಟ್ ದೂರವಾಣಿ ಮಾರ್ಗಗಳನ್ನು ಬಳಸುತ್ತಿತ್ತು. ಕ್ಯಾಲಿಫೋರ್ನಿಯದ ಪ್ಯಾಕೆಟ್ ರೇಡಿಯೊ ಜಾಲ ಚಲಿಸುವ ವಾಹನದಿಂದಲೂ ಕೆಲಸ ಮಾಡಬಲ್ಲದಾಗಿತ್ತು. ಮೂರನೆಯದು ಅಟ್ಲಾಂಟಿಕ್ ಸಾಗರವನ್ನು ಉಪಗ್ರಹದ ಮೂಲಕ ದಾಟುವ ಜಾಲ. ಒಂದರ ವೇಗ, ಸಂದೇಶದ ಅಳತೆ, ತಪ್ಪುಗಳ ಪ್ರಮಾಣ ಯಾವುದೂ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಇವುಗಳನ್ನು ಬೆಸೆಯುವುದು ಹೇಗೆ?

ರಾಬರ್ಟ್ ಕಾನ್ ಮತ್ತು ವಿಂಟನ್ ಸರ್ಫ್ 1974ರ ಮೇ ತಿಂಗಳಲ್ಲಿ ಪ್ರಕಟಿಸಿದ ಲೇಖನ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಯಾವ ಜಾಲವನ್ನೂ ಬದಲಿಸುವುದು ಬೇಡ. ಎರಡು ಜಾಲಗಳು ಸೇರುವಲ್ಲಿ ಒಂದು ಕಂಪ್ಯೂಟರನ್ನು ಇಡಿ. ಅದರ ಒಂದು ಕಾಲು ಈ ಜಾಲದಲ್ಲಿ, ಇನ್ನೊಂದು ಕಾಲು ಆ ಜಾಲದಲ್ಲಿ ಇರಲಿ. ಇಂಥ ಯಂತ್ರಕ್ಕೆ ಗೇಟ್‌ವೇ ಎಂದು ಹೆಸರಿಟ್ಟರು. ತಂತಿಯನ್ನೂ ರೇಡಿಯೊವನ್ನೂ ಒಟ್ಟಿಗೆ ಬಳಸುವ ನಿಮ್ಮ ಕಂಪ್ಯೂಟರಿಗೆ ಇದು ಅಜ್ಜನ ಸಮಾನ.

1976ರ ಆಗಸ್ಟ್ ತಿಂಗಳಲ್ಲಿ ಎಸ್‌ಆರ್‌ಐ ಸಂಸ್ಥೆಯ ಇಂಜಿನಿಯರುಗಳು ರೇಡಿಯೊ ಉಪಕರಣ ತುಂಬಿದ ವ್ಯಾನೊಂದನ್ನು ಕ್ಯಾಲಿಫೋರ್ನಿಯದ ಒಂದು ಹಳೆಯ ಪಾನಗೃಹದ ಬಳಿ ನಿಲ್ಲಿಸಿದರು. ಅಂಗಳದ ಮೇಜಿನ ಮೇಲೆ ಟರ್ಮಿನಲ್ ಇಟ್ಟರು. ಅಲ್ಲಿಂದ ವ್ಯಾನಿಗೆ ತಂತಿ, ವ್ಯಾನಿನಿಂದ ಮೆನ್ಲೊ ಪಾರ್ಕಿನ ಗೇಟ್‌ವೇವರೆಗೆ ರೇಡಿಯೊ, ಅಲ್ಲಿಂದ ಮುಂದೆ ಅರ್ಪಾನೆಟ್‌ನ ತಂತಿ. ಹೀಗೆ ಅವರು ತಮ್ಮ ವರದಿಯನ್ನು ಕಳುಹಿಸಿದರು. 1977ರ ನವೆಂಬರ್ 22ರಂದು ಮೂರೂ ಜಾಲಗಳ ಪರೀಕ್ಷೆ ನಡೆಯಿತು. ರಸ್ತೆಯಲ್ಲಿ ಓಡುತ್ತಿದ್ದ ವ್ಯಾನಿನಿಂದ ಹೊರಟ ಸಂದೇಶ ಸಾಗರ ದಾಟಿ ಲಂಡನ್ ಮುಟ್ಟಿ, ಮತ್ತೆ ಕ್ಯಾಲಿಫೋರ್ನಿಯಕ್ಕೆ ಬಂದು ಸೇರಿತು.

ಇಷ್ಟೆಲ್ಲ ಗೆದ್ದವರು ಒಂದು ಪ್ರಶ್ನೆಯನ್ನು ಮಾತ್ರ ಹಾಗೆಯೇ ಉಳಿಸಿದರು. ವಿಳಾಸ ಯಾರದು? ಯಂತ್ರದ್ದೇ, ಅಥವಾ ಅದಕ್ಕೆ ಬಂದು ಸೇರುವ ಸಂಪರ್ಕದ್ದೇ? 1972ರಲ್ಲಿಯೇ ಈ ತೊಂದರೆ ಕಾಣಿಸಿಕೊಂಡಿತ್ತು. ಒಂದು ಕಡಿದರೆ ಇನ್ನೊಂದು ಇರಲಿ ಎಂದು ಅಮೆರಿಕದ ಟಿಂಕರ್ ವಾಯುನೆಲೆ ಅರ್ಪಾನೆಟ್‌ಗೆ ಎರಡು ಸಂಪರ್ಕಗಳನ್ನು ಬಯಸಿತು. ಆದರೆ ಜಾಲದ ಕಣ್ಣಿಗೆ ಅದು ಎರಡು ಬೇರೆ ಯಂತ್ರಗಳಂತೆ ಕಾಣುತ್ತಿತ್ತು. 1981ರಲ್ಲಿ ಅಂತಿಮ ರೂಪ ಪಡೆದು, 1983ರ ಜನವರಿ 1ರಿಂದ ಅರ್ಪಾನೆಟ್‌ನಲ್ಲಿ ಜಾರಿಗೆ ಬಂದ ಇಂಟರ್‌ನೆಟ್ ನಿಯಮಾವಳಿಯೂ ಇದೇ ಪದ್ಧತಿಯನ್ನು ಮುಂದುವರಿಸಿತು.

ಎರಡು ಬೀದಿಗಳಿಗೆ ಬಾಗಿಲಿರುವ ಮನೆಯನ್ನು ನೀವು ನೋಡಿರಬಹುದು. ಪುರಸಭೆ ಮನೆಗೆ ಬದಲು ಪ್ರತಿಯೊಂದು ಬಾಗಿಲಿಗೂ ನಂಬರು ಕೊಟ್ಟರೆ ಏನಾಗುತ್ತದೆ? ಮುಂಬಾಗಿಲ ವಿಳಾಸಕ್ಕೆ ಹೊರಟ ಕಾಗದ, ಆ ಬಾಗಿಲು ಮುಚ್ಚಿದ್ದರೆ, ಹಿಂಬಾಗಿಲು ತೆರೆದಿದ್ದರೂ ಮನೆಯೊಳಗೆ ಬರುವುದಿಲ್ಲ. ನಿಮ್ಮ ಕಂಪ್ಯೂಟರಿನ ಕೇಬಲಿಗೆ ಒಂದು ವಿಳಾಸ, ವೈಫೈಗೆ ಇನ್ನೊಂದು ವಿಳಾಸ. ಕಡತ ಇಳಿಸುವಾಗ ಎರಡು ಯಂತ್ರಗಳ ನಡುವಿನ ಸಂಭಾಷಣೆಯನ್ನು ಗುರುತಿಸುವುದು ಎರಡೂ ತುದಿಯ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳಿಂದ. ಕೇಬಲ್ ಕಿತ್ತರೆ ಆ ವಿಳಾಸ ಹೋಯಿತು, ಸಂಭಾಷಣೆಯೂ ಮುರಿಯಿತು.

ಹಾಗಾದರೆ ಎರಡೂ ಬಾಗಿಲು ತೆರೆದಿರುವಾಗ ಯಂತ್ರ ಯಾವುದರಿಂದ ಹೊರಡುತ್ತದೆ? ಅದರೊಳಗೆ ದಾರಿಗಳ ಒಂದು ಪಟ್ಟಿ ಇದೆ. ಪ್ರತಿ ದಾರಿಗೂ ಮೆಟ್ರಿಕ್ ಎಂಬ ಅಂಕಿ ಇರುತ್ತದೆ. ಕಡಿಮೆ ಅಂಕಿಯ ದಾರಿಗೆ ಮೊದಲ ಪಾಳಿ. ಸಾಧಾರಣವಾಗಿ ಅದು ಕೇಬಲ್ ಆಗಿರುತ್ತದೆ. ವೈಫೈ ಸುಮ್ಮನೆ ಕಾದು ನಿಂತಿರುತ್ತದೆ. ಮೇಲಾಗಿ ಎರಡೂ ಒಂದೇ ರೌಟರಿಗೆ ಸೇರಿದ್ದರೆ ಅಲ್ಲಿಂದಾಚೆಗಿನ ಮಾರ್ಗ ಒಂದೇ. ವೇಗ ಹೆಚ್ಚುವುದಾದರೂ ಎಲ್ಲಿಂದ?

ಆದರೂ ಎರಡು ಸಂಪರ್ಕಗಳಿಂದ ಉಪಯೋಗವಿದೆ. ಪ್ರಯೋಗಾಲಯದ ಪ್ರಿಂಟರ್ ಕೇಬಲ್ ಜಾಲದಲ್ಲಿದ್ದು, ಇಂಟರ್‌ನೆಟ್ ವೈಫೈ ಮೂಲಕ ಬರುತ್ತಿದ್ದರೆ, ಒಂದೇ ಕಂಪ್ಯೂಟರ್ ಎರಡನ್ನೂ ಬಳಸಬಹುದು. ಆದರೆ ಎರಡು ಜಾಲಗಳ ವಿಳಾಸಗಳ ಸರಣಿ ಬೇರೆ ಬೇರೆಯಾಗಿರಬೇಕು. ಒಂದೇ ಆದರೆ ಯಂತ್ರ ದಾರಿ ತಪ್ಪುತ್ತದೆ.

ಮೊದಲು ಈ ತೊಡಕು ಗೇಟ್‌ವೇಗಳನ್ನು ನೋಡಿಕೊಳ್ಳುವ ತಜ್ಞರಿಗಷ್ಟೇ ಸಂಬಂಧಿಸಿತ್ತು. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿತ್ತು. ಆಗ ಜಾಲದ ದಾರಿಗಳ ಚಿಂತೆ ಅಂಥ ಕೆಲವೇ ಸಂಸ್ಥೆಗಳದು. 1997ರಲ್ಲಿ ನಿಸ್ತಂತು ಜಾಲಕ್ಕೆ 802.11 ಎಂಬ ಮಾನಕ ಬಂದ ಮೇಲೆ ಎರಡು ಬಾಗಿಲ ಯಂತ್ರಗಳು ಮನೆಮನೆಗೆ ಬಂದವು. ಕಿಸೆಯಲ್ಲಿರುವ ಫೋನಿನಲ್ಲೂ ಮೊಬೈಲ್ ಜಾಲ, ವೈಫೈ ಎರಡೂ ಇವೆ.

ಪರಿಹಾರವೂ ತಡವಾಗಿ ಬಂತು. ಒಂದೇ ಸಂಭಾಷಣೆಯನ್ನು ಹಲವು ದಾರಿಗಳಲ್ಲಿ ನಡೆಸುವ ಮಲ್ಟಿಪಾತ್ ಟಿಸಿಪಿ ಎಂಬ ವಿಧಾನ 2013ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆಪಲ್ ಸಂಸ್ಥೆ ತನ್ನ ಫೋನುಗಳ ಸಿರಿ ಸೇವೆಗೆ ಅದನ್ನು ಅಳವಡಿಸಿತು. 2020ರಲ್ಲಿ ಲಿನಕ್ಸ್ ವ್ಯವಸ್ಥೆಯೂ ಅದನ್ನು ಸೇರಿಸಿಕೊಂಡಿತು. ಆದರೆ ಎರಡೂ ತುದಿಯ ಯಂತ್ರಗಳಿಗೆ ಈ ವಿಧಾನ ತಿಳಿದಿದ್ದರೆ ಮಾತ್ರ ಇದು ನಡೆಯುತ್ತದೆ.

ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪರದೆಯಲ್ಲಿ ರೂಟ್ ಪ್ರಿಂಟ್ ಎಂಬ ಆಜ್ಞೆ ಕೊಟ್ಟರೆ ದಾರಿಗಳ ಪಟ್ಟಿ ನಿಮಗೇ ಕಾಣುತ್ತದೆ. ಕೇಬಲ್ ಇದ್ದಾಗ ಒಮ್ಮೆ, ಕಿತ್ತ ಮೇಲೆ ಒಮ್ಮೆ ಅದನ್ನು ನೋಡಿ, ಹೋಲಿಸಿ. ಬಾಗಿಲಿಗೆ ಹೆಸರಿಡಬೇಕೋ ಮನೆಗೆ ಹೆಸರಿಡಬೇಕೋ ಎಂಬ ಹಳೆಯ ಪ್ರಶ್ನೆ ಆ ಅಂಕಿಗಳಲ್ಲಿ ಇನ್ನೂ ಉಳಿದಿದೆ. ಅದನ್ನು ಇನ್ನಷ್ಟು ಚೆನ್ನಾಗಿ ಬಿಡಿಸುವ ಕೆಲಸ ನಿಮ್ಮ ಪೀಳಿಗೆಗೆ ಬಾಕಿ ಇದೆ.