ಬ್ರೌಸರ್ ಓಡುತ್ತದೆ, ಇನ್‌ಸ್ಟಾಲ್ ಮಾತ್ರ ಆಗುವುದಿಲ್ಲ: ಪ್ರಾಕ್ಸಿಯ ತೊಡಕು ಮತ್ತು ಅಪಾಯದ ಅಡ್ಡದಾರಿಗಳು

ಕಾಲೇಜಿನ ಲ್ಯಾಬ್‌ನಲ್ಲಿ ಕೂತು ಸಾಫ್ಟ್‌ವೇರ್ ಒಂದನ್ನು ಇನ್‌ಸ್ಟಾಲ್ ಮಾಡಲು ಹೊರಟಿದ್ದೀರಿ. ಸೂಚನೆಯಲ್ಲಿರುವ ಒಂದು ಸಾಲಿನ ಕಮಾಂಡ್ ಹಾಕಿದಿರಿ. ಸ್ಕ್ರಿಪ್ಟ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಸರ್ವರ್ ಸಿಗುತ್ತಿಲ್ಲ ಎಂದು ನಿಂತುಬಿಟ್ಟಿತು. ಆದರೆ ಅದೇ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಯೂಟ್ಯೂಬ್ ಸರಾಗವಾಗಿ ಓಡುತ್ತಿದೆ.

ಸುರತ್ಕಲ್‌ನಿಂದ ಮುಡಿಪುವರೆಗೆ ಇಂಜಿನಿಯರಿಂಗ್ ಕಾಲೇಜು, ಐಟಿ ಕಚೇರಿಗಳು ಹರಡಿಕೊಂಡಿರುವ ಮಂಗಳೂರಿನಲ್ಲಿ ಇದು ಅಪರೂಪದ ಸಮಸ್ಯೆಯಲ್ಲ. ಇದಕ್ಕೆ ವಾಟ್ಸಾಪ್ ಗುಂಪುಗಳಲ್ಲಿ ಸಿಗುವ ಉತ್ತರಗಳು ಹೆಚ್ಚಾಗಿ ಎರಡು: ‘ಸರ್ಟಿಫಿಕೇಟ್ ತಪಾಸಣೆ ಆಫ್ ಮಾಡಿ’ ಮತ್ತು ‘ಈ ಉಚಿತ ಪ್ರಾಕ್ಸಿ ವಿಳಾಸ ಹಾಕಿ’. ಎರಡರಿಂದಲೂ ಕೆಲವೊಮ್ಮೆ ಕೆಲಸ ಆಗುತ್ತದೆ. ಆದರೆ ಎರಡೂ ಅಪಾಯಕಾರಿ. ಯಾಕೆ ಎಂದು ನೋಡೋಣ.

ಪ್ರಾಕ್ಸಿ ಎಂದರೇನು?

ಹಾಸ್ಟೆಲ್ ಗೇಟಿನ ವಾಚ್‌ಮ್ಯಾನ್ ನೆನಪಿಸಿಕೊಳ್ಳಿ. ಹೊರಗಿನಿಂದ ಬರುವ ಪಾರ್ಸೆಲ್ ಅವರ ಕೈ ದಾಟಿಯೇ ಒಳಗೆ ಬರಬೇಕು. ಪ್ರಾಕ್ಸಿ ಸರ್ವರ್ ಕೂಡ ಹಾಗೆಯೇ: ನಿಮ್ಮ ಪರವಾಗಿ ಹೊರಗಿನ ಜಾಲತಾಣವನ್ನು ಸಂಪರ್ಕಿಸಿ ಮಾಹಿತಿ ತಂದುಕೊಡುವ ಮಧ್ಯವರ್ತಿ. ಯಾರು ಏನು ಬಳಸುತ್ತಾರೆ ಎಂಬ ನಿಯಂತ್ರಣಕ್ಕೆ, ಬೇಡದ ತಾಣಗಳನ್ನು ತಡೆಯಲು ಸಂಸ್ಥೆಗಳು ಇದನ್ನು ಇಟ್ಟುಕೊಳ್ಳುತ್ತವೆ.

ಬ್ರೌಸರ್ ಸಾಮಾನ್ಯವಾಗಿ ಕಂಪ್ಯೂಟರಿನ ಸೆಟ್ಟಿಂಗ್ಸ್ ನೋಡಿ ಪ್ರಾಕ್ಸಿಯ ವಿಳಾಸ ತಿಳಿದುಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಓಡುವ ಸ್ಕ್ರಿಪ್ಟ್ ಬಹುತೇಕ ಆ ಸೆಟ್ಟಿಂಗ್ಸ್ ನೋಡುವುದಿಲ್ಲ. ಅದು ನೇರವಾಗಿ ಹೊರಗೆ ಹೋಗಲು ನೋಡುತ್ತದೆ, ಗೇಟಿನಲ್ಲಿ ತಡೆ ಬೀಳುತ್ತದೆ. ಅಂದರೆ ಇಂಟರ್ನೆಟ್ ಕೆಟ್ಟಿಲ್ಲ, ವೈರಸ್ಸೂ ಬಂದಿಲ್ಲ. ಸ್ಕ್ರಿಪ್ಟಿಗೆ ದಾರಿ ಗೊತ್ತಿಲ್ಲ, ಅಷ್ಟೆ.

ಎಲ್ಲೆಲ್ಲಿ ಪರಿಶೀಲಿಸಬೇಕು?

1. ಎರಡೂ ವಿಳಾಸ ಕೊಟ್ಟಿದ್ದೀರಾ? ಲಿನಕ್ಸ್ ಮತ್ತು ಮ್ಯಾಕ್‌ನ ಹೆಚ್ಚಿನ ಡೌನ್‌ಲೋಡ್ ಉಪಕರಣಗಳು ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ನೋಡುತ್ತವೆ. ಒಂದು ಎಚ್‌ಟಿಟಿಪಿ ತಾಣಗಳಿಗೆ, ಇನ್ನೊಂದು ಎಚ್‌ಟಿಟಿಪಿಎಸ್ ತಾಣಗಳಿಗೆ. ಈಗಿನ ಡೌನ್‌ಲೋಡ್‌ಗಳು ಹೆಚ್ಚಾಗಿ ಎಚ್‌ಟಿಟಿಪಿಎಸ್. ಮೊದಲನೆಯದನ್ನು ಮಾತ್ರ ಕೊಟ್ಟರೆ ಸಾಲದು. ಆದರೆ ಎರಡನೆಯದರಲ್ಲೂ ಪ್ರಾಕ್ಸಿಯ ವಿಳಾಸ ಸಾಮಾನ್ಯವಾಗಿ ‘ಎಚ್‌ಟಿಟಿಪಿ’ ಎಂದೇ ಶುರುವಾಗುತ್ತದೆ. ಅಲ್ಲಿ ‘ಎಸ್’ ಸೇರಿಸುವುದು ಸಾಮಾನ್ಯ ತಪ್ಪು.

2. ಅಕ್ಷರ ಸಣ್ಣದೋ ದೊಡ್ಡದೋ? ‘ಕರ್ಲ್’ ಎಂಬ ಉಪಕರಣ ಎಚ್‌ಟಿಟಿಪಿ ವೇರಿಯಬಲ್‌ನ ಹೆಸರು ಸಣ್ಣ ಅಕ್ಷರದಲ್ಲಿದ್ದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇದಕ್ಕೆ ಭದ್ರತೆಯ ಕಾರಣವಿದೆ. ಕೆಲವು ಬಗೆಯ ವೆಬ್ ಸರ್ವರ್ ಪ್ರೋಗ್ರಾಂಗಳಲ್ಲಿ ಹೊರಗಿನವರು ಕಳಿಸಿದ ಮಾಹಿತಿಯೇ ದೊಡ್ಡ ಅಕ್ಷರದ ಆ ಹೆಸರಿನಲ್ಲಿ ಒಳಗೆ ಬರಲು ಸಾಧ್ಯವಿತ್ತು. 2016ರಲ್ಲಿ ‘ಎಚ್‌ಟಿಟಿಪಾಕ್ಸಿ’ ಎಂಬ ಹೆಸರಿನಲ್ಲಿ ಸುದ್ದಿಯಾದದ್ದು ಇದೇ ದೋಷ.

3. ‘ಸೂಡೊ’ ಬಳಸಿದಿರಾ? ಅಡ್ಮಿನ್ ಅಧಿಕಾರದಿಂದ ಓಡಿಸುವ ಈ ಕಮಾಂಡ್, ನೀವು ಹಾಕಿದ ವೇರಿಯಬಲ್‌ಗಳಲ್ಲಿ ಹೆಚ್ಚಿನವನ್ನು ಕೈಬಿಡುತ್ತದೆ. ‘ನಾನು ಓಡಿಸಿದರೆ ಡೌನ್‌ಲೋಡ್ ಆಗುತ್ತದೆ, ಸೂಡೊ ಹಾಕಿದರೆ ಆಗುವುದಿಲ್ಲ’ ಎಂಬ ಗೊಂದಲ ಬರುವುದು ಇಲ್ಲಿಂದ. ಉಬುಂಟುವಿನ ‘ಆಪ್ಟ್’ ಮತ್ತು ‘ಗಿಟ್’ಗೆ ತಮ್ಮದೇ ಪ್ರಾಕ್ಸಿ ಸೆಟ್ಟಿಂಗ್ಸ್ ಕೂಡ ಇವೆ. ಅಲ್ಲಿ ಹಳೆಯ ವಿಳಾಸ ಉಳಿದಿರಬಹುದು.

4. 407 ಎಂದು ಬಂತೇ? ಪ್ರಾಕ್ಸಿ ಸಿಕ್ಕಿದೆ, ಆದರೆ ಅದು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದೆ ಎಂದರ್ಥ. ಪಾಸ್‌ವರ್ಡ್‌ನಲ್ಲಿ @ ಇದ್ದರೆ ವಿಳಾಸದೊಳಗೆ ಅದನ್ನು %40 ಎಂದು ಬರೆಯಬೇಕು. ಇಲ್ಲವಾದರೆ ಪಾಸ್‌ವರ್ಡ್ ಎಲ್ಲಿ ಮುಗಿಯಿತು, ಸರ್ವರ್ ಹೆಸರು ಎಲ್ಲಿ ಶುರುವಾಯಿತು ಎಂಬುದು ಗೊಂದಲವಾಗುತ್ತದೆ.

5. ಮನೆಗೆ ಹೋದ ಮೇಲೆ ನಿಂತಿತೇ? ಇದು ತಿರುಗುಮುರುಗು ಸಮಸ್ಯೆ. ಕಾಲೇಜಿನ ಪ್ರಾಕ್ಸಿ ಮನೆಯ ವೈಫೈಯಿಂದ ಸಿಗುವುದಿಲ್ಲ. ಹಾಕಿದ ಸೆಟ್ಟಿಂಗ್ಸ್ ತೆಗೆಯಿರಿ.

‘ತಪಾಸಣೆ ಆಫ್ ಮಾಡಿ’ ಎಂಬ ಸಲಹೆ ಯಾಕೆ ತಪ್ಪು?

ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಪ್ರಾಕ್ಸಿಗೆ ನೀವು ಯಾವ ತಾಣಕ್ಕೆ ಹೋಗುತ್ತಿದ್ದೀರಿ ಎಂಬುದು ಗೊತ್ತಾಗುತ್ತದೆ, ಒಳಗಿನ ವಿಷಯ ಕಾಣುವುದಿಲ್ಲ. ಆ ಕಡೆ ಇರುವುದು ನಿಜವಾದ ಸರ್ವರ್ ಹೌದೇ ಎಂದು ಖಚಿತಪಡಿಸುವುದೇ ಸರ್ಟಿಫಿಕೇಟ್ ತಪಾಸಣೆ. ಅದನ್ನು ಆಫ್ ಮಾಡಿದರೆ ದಾರಿಯಲ್ಲಿರುವ ಯಾರೇ ಆದರೂ ನಿಜವಾದ ಫೈಲ್ ತೆಗೆದು ತಮ್ಮ ಫೈಲ್ ಇಟ್ಟು ಕಳಿಸಬಹುದು. ಇನ್‌ಸ್ಟಾಲ್ ಸ್ಕ್ರಿಪ್ಟನ್ನು ನಾವು ಅಡ್ಮಿನ್ ಅಧಿಕಾರದಿಂದ ಓಡಿಸುವುದರಿಂದ ಬದಲಾದ ಒಂದು ಸಾಲು ಸಾಕು, ಇಡೀ ಲ್ಯಾಪ್‌ಟಾಪ್ ಬೇರೆಯವರ ಕೈಗೆ ಹೋಗುತ್ತದೆ.

ಇದರ ಜೊತೆಗೆ ಅಪರಿಚಿತ ಉಚಿತ ಪ್ರಾಕ್ಸಿಯನ್ನೂ ಹಾಕಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಕೆಲವು ಸಂಸ್ಥೆಗಳು ಎಚ್‌ಟಿಟಿಪಿಎಸ್ ಸಂಪರ್ಕವನ್ನೂ ಬಿಡಿಸಿ ಪರಿಶೀಲಿಸುತ್ತವೆ. ಆಗ ಸರ್ಟಿಫಿಕೇಟ್ ದೋಷ ಬರುವುದು ಸಹಜ. ಅದಕ್ಕೆ ಪರಿಹಾರ ತಪಾಸಣೆ ನಿಲ್ಲಿಸುವುದಲ್ಲ. ಸಂಸ್ಥೆಯ ನೆಟ್‌ವರ್ಕ್ ವಿಭಾಗದಿಂದ ಅವರ ಸರ್ಟಿಫಿಕೇಟ್ ಪಡೆದು ಸೇರಿಸಿಕೊಳ್ಳಬೇಕು.

ಉಚಿತದ ಬೆಲೆ ಏನು?

2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ‘911 ಎಸ್5’ ಎಂಬ ಪ್ರಾಕ್ಸಿ ಜಾಲವನ್ನು ಮುಚ್ಚಿಸಿದ್ದಾಗಿ ಘೋಷಿಸಿತು. ಉಚಿತ ವಿಪಿಎನ್ ಎಂದು ನಂಬಿ ಇನ್‌ಸ್ಟಾಲ್ ಮಾಡಿಕೊಂಡವರ ಕಂಪ್ಯೂಟರ್‌ಗಳೇ ಅವರಿಗೆ ಗೊತ್ತಿಲ್ಲದೆ ಅಪರಾಧಿಗಳ ಪ್ರಾಕ್ಸಿಗಳಾಗಿದ್ದವು. ಸುಮಾರು 200 ದೇಶಗಳ 1.9 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಈ ಜಾಲದಲ್ಲಿದ್ದವು. ಯಾರೋ ಮಾಡಿದ ವಂಚನೆಯ ಜಾಡು ಹಿಡಿದರೆ ಅದು ಏನೂ ಅರಿಯದವರ ಮನೆಗೆ ಬಂದು ನಿಲ್ಲುವಂಥ ವ್ಯವಸ್ಥೆ ಅದು.

ಮೊಬೈಲ್‌ನಲ್ಲೂ ಇದೆಯೇ?

ಇದೆ. ಆಂಡ್ರಾಯ್ಡ್‌ನಲ್ಲಿ ವೈಫೈ ಹೆಸರನ್ನು ತೆರೆದು ಅಡ್ವಾನ್ಸ್‌ಡ್ ಆಯ್ಕೆಗೆ ಹೋದರೆ ಪ್ರಾಕ್ಸಿ ಕಾಣುತ್ತದೆ. ಅಲ್ಲಿ ಹಾಕಿದ ವಿಳಾಸವನ್ನು ಬ್ರೌಸರ್ ಬಳಸುತ್ತದೆ, ಬೇರೆ ಆ್ಯಪ್‌ಗಳು ಬಳಸದೇ ಇರಬಹುದು. ಲ್ಯಾಪ್‌ಟಾಪ್‌ನಲ್ಲಿ ಕಂಡ ಕತೆಯೇ ಇದು. ಮನೆಯ ವೈಫೈಯಲ್ಲಿ ನೀವು ಹಾಕದ ವಿಳಾಸ ಕಂಡರೆ ತೆಗೆದುಬಿಡಿ.

ಫಾರ್ವರ್ಡ್ ಮಾಡುವ ಮೊದಲು

ಸಹಾಯ ಕೇಳಲು ಗುಂಪಿಗೆ ಸ್ಕ್ರೀನ್‌ಶಾಟ್ ಹಾಕುವಾಗ ಎಚ್ಚರ. ಪ್ರಾಕ್ಸಿ ವಿಳಾಸದೊಳಗೆ ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ಹಾಗೇ ಕಾಣುತ್ತಿರುತ್ತದೆ. ಕಾಲೇಜಿನ ಲಾಗಿನ್ ಅದೇ ಆಗಿದ್ದರೆ ಅದನ್ನೂ ಹಂಚಿದಂತೆ. ಈಗಾಗಲೇ ಹಾಕಿದ್ದರೆ ಪಾಸ್‌ವರ್ಡ್ ಬದಲಿಸಿ. ಮೆಸೇಜ್ ಡಿಲೀಟ್ ಮಾಡಿದರೆ ಸಾಲದು.

ನೆನಪಿಡಬೇಕಾದದ್ದು ಇಷ್ಟೇ: ಸರಿಯಾದ ಪ್ರಾಕ್ಸಿ ವಿಳಾಸ ಸಿಗುವುದು ನಿಮ್ಮ ಸಂಸ್ಥೆಯ ನೆಟ್‌ವರ್ಕ್ ವಿಭಾಗದಲ್ಲಿ, ಫಾರ್ವರ್ಡ್‌ನಲ್ಲಲ್ಲ. ಡೌನ್‌ಲೋಡ್ ನಿಂತರೆ ಒಂದು ದಿನ ಕಾಯಬಹುದು. ತಪಾಸಣೆ ನಿಲ್ಲಿಸಿ ಒಳಗೆ ಬಿಟ್ಟುಕೊಂಡದ್ದನ್ನು ಹೊರಗೆ ಹಾಕುವುದು ಅಷ್ಟು ಸುಲಭವಲ್ಲ.